ಪಿಟೀಲಿನ ಶುಶ್ರೂಷೆ

ಶುಶ್ರೂಷೆ ಎಂಬ ಮಾತನ್ನು ನಾವೆಲ್ಲರೂ ಬಳಸುವೆವು. ರೋಗಿಗೆ ಮಾಡುವ ಉಪಚಾರವು ಶುಶ್ರೂಷೆ. ಹಿರಿಯರಿಗೆ ಸಲ್ಲಿಸುವ ಸೇವೆಯೂ ಶುಶ್ರೂಷೆಯೇ. ಆದರೆ ಸಂಸ್ಕೃತದಲ್ಲಿ ಆ ಮಾತಿನ ಬೇರನ್ನು ಹುಡುಕಿಕೊಂಡು ಹೋದರೆ ಬೇರೊಂದು ಅರ್ಥವು ಸಿಕ್ಕುವುದು. ‘ಶ್ರು’ ಎಂಬುದು ಕೇಳುವುದೆಂಬ ಅರ್ಥದ ಧಾತು. ಅದರ ಮೇಲೆ ಇಚ್ಛೆಯನ್ನು ಸೂಚಿಸುವ ‘ಸನ್’ ಪ್ರತ್ಯಯವು ಬಂದರೆ ‘ಶುಶ್ರೂಷಾ’ ಎಂದಾಗುತ್ತದೆ. ಎಂದರೆ ಕೇಳಬೇಕೆಂಬ ಬಯಕೆ. ಗುರುವಿನ ಮಾತನ್ನು ಕೇಳಬೇಕೆಂದು ಬಯಸಿದವನು ಗುರುವಿನ ಮನೆಯಲ್ಲಿಯೇ ಇರಬೇಕಾಯಿತು. ಇದ್ದವನು ನೀರು ಹೊತ್ತ, ಸೌದೆ ತಂದ, ಕಾಲೊತ್ತಿದ. ಹೀಗೆ ಕೇಳುವ ಬಯಕೆಯೇ ಸೇವೆಯ ಹೆಸರಾಗಿ ನಿಂತಿತು. ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ವ್ಯಾಕರಣವೇಕೆಂದು ವಾಚಕರು ಬೇಸರಪಡಬಾರದು. ನಮ್ಮದು ಮೂವತ್ತು ವರ್ಷ ಪಾಠ ಹೇಳಿಯೇ ಅನ್ನ ಕಂಡ ನಾಲಗೆ. ಅಲ್ಲದೆ ಈ ಮಾತಿನ ಎರಡು ಅರ್ಥಗಳೂ ಒಂದೇ ಎಡೆಯಲ್ಲಿ ಕೂಡಿರುವುದನ್ನು ನೋಡಬೇಕಾದರೆ ಪಿಟೀಲು ವಿದ್ವಾಂಸನೊಬ್ಬನು ತಯಾರಾಗುವ ಬಗೆಯನ್ನು ನೋಡಬೇಕು. ಅದನ್ನು ಹೇಳುವುದಕ್ಕಾಗಿಯೇ ಈ ಪೀಠಿಕೆ.

ನಾವಿರುವುದು ಹೆಬ್ಬೆಯ ಕಡೆ. ಕೆಮ್ಮಣ್ಣುಗುಂಡಿಯ ಕೆಳಗೆ ಕಾಫಿ ತೋಟಗಳ ನಡುವೆ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಮಜಲಾಗಿ ಐನೂರೈವತ್ತು ಅಡಿ ನೀರು ಧುಮುಕುವ ಸೀಮೆಯಿದು. ಮಳೆಗಾಲದಲ್ಲಿ ಜಿಗಣೆಗಳಿಗೂ ನೀರಿನ ಭೋರ್ಗರೆತಕ್ಕೂ ಇಲ್ಲಿ ಕೊರತೆಯಿಲ್ಲ. ಸಂಗೀತಕ್ಕೆ ಮಾತ್ರ ಭದ್ರಾವತಿಯ ಆಕಾಶವಾಣಿಯೇ ನಮಗೆ ಬಹುಕಾಲ ಗತಿಯಾಗಿದ್ದಿತು. ಹಾಗೆಂದು ಸಂಗೀತದ ನಂಟು ಈ ಬೆಟ್ಟಗಳಿಗೆ ತೀರ ಇಲ್ಲದೆಯೂ ಇಲ್ಲ. ಬೇಸಗೆಯನ್ನು ಕಳೆಯಲು ಕೆಮ್ಮಣ್ಣುಗುಂಡಿಗೆ ದಯಮಾಡಿಸುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರವರು ಸ್ವತಃ ಪಿಟೀಲು ಬಲ್ಲ ಪ್ರಭುಗಳು. ಅವರ ಮೈಸೂರಿನಲ್ಲಿ ವೀಣೆಗೆ ಹೇಗೋ ಹಾಗೆ ಪಿಟೀಲಿಗೂ ಪಿಯಾನೋವಿಗೂ ಮಾನವಿದ್ದಿತು.

ನಮ್ಮ ನೆರೆಯ ತೋಟದಲ್ಲಿ ಲೆಕ್ಕ ಬರೆಯುವ ರೈಟರೊಬ್ಬರಿದ್ದಾರೆ. ಅವರ ಮಗಳು ಒಂಬತ್ತನೆಯ ತರಗತಿ. ಭಾನುವಾರ ಭಾನುವಾರ ಬಸ್ಸು ಹಿಡಿದು ಲಿಂಗದಹಳ್ಳಿಯ ಮೇಲೆ ತರೀಕೆರೆಗೆ ಹೋಗಿ ಪಿಟೀಲು ಪಾಠ ಹೇಳಿಸಿಕೊಂಡು ಬರುತ್ತಾಳೆ. ಮಳೆಗೆ ದಾರಿಯ ಮೇಲೆ ಮರ ಬಿದ್ದರೆ ಆ ವಾರ ಪಾಠವಿಲ್ಲ. ಮನೆಯಲ್ಲಿ ಬಾರಿಸಿದರೆ ಬಾಗಿಲು ಕಿರುಗುಟ್ಟಿದಂತಾಗುತ್ತದೆಂದು ತಾಯಿಯು ಗದರುವುದರಿಂದ ಕಾಫಿ ಮೂಟೆಗಳ ಗೋದಾಮಿನಲ್ಲಿ ಕುಳಿತು ಸಾಧಕ ಮಾಡುತ್ತಾಳೆ. ಒಂದು ದಿನ ಮಗು ತಂದೆಯ ಫೋನಿನಲ್ಲಿ ಜಪಾನಿನ ಹೆಂಗಸೊಬ್ಬಳು ಚೆಲ್ಲೊ ಎಂಬ ವಾದ್ಯವನ್ನು ನುಡಿಸುವುದನ್ನು ಕಂಡು ನಮಗೂ ತಂದು ತೋರಿಸಿದಳು. ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಣ್ಣ. ಆಳುದ್ದಕ್ಕೆ ಸಮೀಪದ ಒಡಲು, ಕುರ್ಚಿಯ ಮೇಲೆ ಕುಳಿತು ಮೊಳಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ. ಅದರ ಕಂಠವು ಗಂಡಸಿನ ಕಂಠದಂತೆ ತಗ್ಗು. ಮಗುವು, “ಇವರೆಲ್ಲ ಹೇಗೆ ಕಲಿತ್ರು ಮೇಷ್ಟ್ರೇ?” ಎಂದು ಕೇಳಿದಳು. ಹಿಂದೆ ನಿಂತಿದ್ದ ರೈಟರ ಪ್ರಶ್ನೆ ಬೇರೆ.

“ಮೇಷ್ಟ್ರೇ, ಈ ಪಿಟೀಲು ಅನ್ನೋದು ಎಷ್ಟು ವರ್ಷದ ಕೋರ್ಸು? ಬಿ.ಎ.ಗೆ ಮೂರು ವರ್ಷ ಅಂತ ಇದೆಯಲ್ಲ, ಹಾಗೆ.”

“ನಮ್ಮ ಚೌಡಯ್ಯನವರಿಗೆ ಎಂಟು ವರ್ಷ ಹಿಡಿಯಿತು, ರೈಟರೇ.”

“ಎಂಟು ಆದಮೇಲೆ?”

ಇದು ಕುಚೋದ್ಯದ ಪ್ರಶ್ನೆಯಲ್ಲ. ಮುಂದಿನ ವರ್ಷ ಹತ್ತನೆಯ ತರಗತಿ, ಅದಾದಮೇಲೆ ಕಾಲೇಜು. ಭಾನುವಾರದ ಬಸ್ಸಿನ ಹಣವನ್ನೂ ಹೊತ್ತನ್ನೂ ಯಾವ ಕಡೆಗೆ ಸುರಿಯಬೇಕೆಂದು ಆ ತಂದೆಯು ಲೆಕ್ಕ ಹಾಕಬೇಕಷ್ಟೆ. ಮಗಳ ಪ್ರಶ್ನೆಗೂ ತಂದೆಯ ಪ್ರಶ್ನೆಗೂ ನಾವು ಬಲ್ಲ ಉತ್ತರವು ಒಬ್ಬರ ಬಾಳಿನಲ್ಲಿಯೇ ಇದೆ.

ಮೊದಲು ಈ ವಾದ್ಯದ ವಿಷಯ ಎರಡು ಮಾತು. ಪಿಟೀಲೆಂಬ ಹೆಸರೇ ಇಂಗ್ಲಿಷರ ಫಿಡಲ್ ಎಂಬುದರ ತದ್ಭವ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (೧೭೮೬–೧೮೫೮) ಐರೋಪ್ಯ ವಾದಕನೊಬ್ಬನಿಂದ ಇದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ತಂಜಾವೂರಿನ ವಡಿವೇಲು ಎಂಬ ವಿದ್ವಾಂಸನಿಗೆ ತಿರುವಾಂಕೂರಿನ ಸ್ವಾತಿತಿರುನಾಳ್ ಮಹಾರಾಜರು ೧೮೩೪ರಲ್ಲಿ ದಂತದ ಪಿಟೀಲನ್ನೇ ಬಹುಮಾನವಾಗಿ ಕೊಟ್ಟರು. ನಮ್ಮವರು ಆ ಪೆಟ್ಟಿಗೆಯ ಆಕಾರದಲ್ಲಿ ಏನನ್ನೂ ತಿದ್ದಲಿಲ್ಲ. ಹಿಡಿಯುವ ರೀತಿಯನ್ನು ಮಾತ್ರ ತಿರುಗಿಸಿಬಿಟ್ಟರು. ಸಾಹೇಬನು ನಿಂತು ಗದ್ದದಡಿಯಲ್ಲಿ ಕಚ್ಚಿ ಹಿಡಿದುದನ್ನು ನಮ್ಮವರು ನೆಲದ ಮೇಲೆ ಕುಳಿತು ಒಂದು ತುದಿಯನ್ನು ಎದೆಗೂ ಇನ್ನೊಂದು ತುದಿಯನ್ನು ಬಲಗಾಲಿನ ಹರಡಿಗೂ ಆನಿಸಿಕೊಂಡರು. ವಾದ್ಯದ ಭಾರವನ್ನು ಹೊರುವ ಕೆಲಸವು ಎಡಗೈಗೆ ತಪ್ಪಿತು. ಬೆರಳು ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ನಿರಾತಂಕವಾಗಿ ಜಾರಬಹುದಾಯಿತು. ಗಮಕವೆಂಬುದು ಈ ಜಾರುವಿಕೆಯಿಂದಲೇ ಹುಟ್ಟತಕ್ಕದ್ದು.

ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲುಗಳಿವೆ. ಮೆಟ್ಟಿಲಿನ ಮೇಲೆ ಬೆರಳಿಟ್ಟರೆ ಸ್ವರವು ಇದ್ದೇ ಇದೆ. ಪಿಟೀಲಿನ ಹಲಗೆ ಬೋಳು. ರಿಷಭವೆಲ್ಲಿ, ಗಾಂಧಾರವೆಲ್ಲಿ ಎಂದು ತೋರಿಸುವ ಗುರುತೊಂದೂ ಇಲ್ಲ. ಎಳ್ಳಿನಷ್ಟು ಅತ್ತ ಸರಿದರೆ ಅಪಸ್ವರ. ಕಣ್ಣು ಇಲ್ಲಿ ಕೆಲಸಕ್ಕೆ ಬಾರದು; ಕಿವಿಯೇ ಬೆರಳನ್ನು ಕರೆದೊಯ್ಯಬೇಕು. ಚೆಲ್ಲೊವಿನ ಕಥೆಯೂ ಇದೇ. ಆದುದರಿಂದ ಕಮಾನಿನ ವಾದ್ಯಗಳನ್ನು ಕಲಿಯುವುದೆಂದರೆ ಮುಕ್ಕಾಲುಪಾಲು ಕೇಳುವುದನ್ನು ಕಲಿಯುವುದೇ ಆಗಿದೆ.

ತಿರುಮಕೂಡಲು ಚೌಡಯ್ಯನವರು ಹುಟ್ಟಿದುದು ೧೮೯೫ರಲ್ಲಿ, ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ೧೯೧೦ರಲ್ಲಿ, ಹದಿನೈದರ ಪ್ರಾಯದಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯರಾಗಿ ಸೇರಿದರು. ೧೯೧೮ರವರೆಗೂ ಅಲ್ಲಿ ಕಟ್ಟುನಿಟ್ಟಾದ ಶಿಕ್ಷಣವನ್ನು ಪಡೆದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕೃಷ್ಣಪ್ಪನವರು (೧೮೬೬–೧೯೩೧) ಪ್ರಸಿದ್ಧರಾದುದು ಪಿಟೀಲಿನಿಂದಲ್ಲ, ಹಾಡುಗಾರಿಕೆಯಿಂದ. ಕರಾವಳಿಯಿಂದ ಬಂದು ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದ ಭಾರಿ ಶಾರೀರದ ಗಾಯಕರವರು. ದಾಸರ ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿದವರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರವು ಅವರು ಕಟ್ಟಿಸಿದುದು. ಇಂತಹ ಗಾಯಕರ ಬಳಿಯಲ್ಲಿ ಪಿಟೀಲನ್ನು ಕಲಿಯುವುದು ಹೇಗೆ? ಬೆರಳನ್ನು ಹಿಡಿದು ಇಂತಲ್ಲಿ ಇಡು ಎಂದು ಹೇಳುವ ಪಾಠ ಅದಲ್ಲ. ಗುರುವು ಹಾಡುವರು, ಶಿಷ್ಯನು ಅದನ್ನು ತಂತಿಯ ಮೇಲೆ ಹುಡುಕಬೇಕು. ಕೃತಿಯ ಸಾಹಿತ್ಯದಲ್ಲಿ ಒಂದು ಅಕ್ಷರ ಮುಗಿದು ಇನ್ನೊಂದು ಆರಂಭವಾಗುವೆಡೆಯಲ್ಲಿ ಕಮಾನು ತಿರುಗಬೇಕು. ದೀರ್ಘಾಕ್ಷರವು ಎಷ್ಟು ಹೊತ್ತು ನಿಂತಿದೆಯೋ ಅಷ್ಟು ಹೊತ್ತು ಕಮಾನು ತುಂಡಾಗದೆ ಎಳೆಯಬೇಕು. ಮಾತಿಲ್ಲದ ವಾದ್ಯದಿಂದ ಕೇಳುವವನಿಗೆ ಪದವೇ ಕೇಳಿದಂತಾಗಬೇಕು. ಇದನ್ನು ಬರೆದುಕೊಡಲು ಬಾರದು. ಹತ್ತಿರವಿದ್ದು ಕೇಳಬೇಕು, ಕೇಳಿದುದನ್ನು ಬಾರಿಸಿ ಬೈಗುಳ ತಿಂದು ಮತ್ತೊಮ್ಮೆ ಕೇಳಬೇಕು. ಶಿಷ್ಯನಿಗೆ ಸಂಸ್ಕೃತದಲ್ಲಿ ‘ಅಂತೇವಾಸಿ’ ಎಂಬ ಹೆಸರಿದೆ. ಹತ್ತಿರ ವಾಸಿಸುವವನು ಎಂದು ಅರ್ಥ. ಓದುವವನೆಂದಾಗಲಿ ಬರೆಯುವವನೆಂದಾಗಲಿ ಆ ಹೆಸರಿನಲ್ಲಿಲ್ಲ.

ಆ ಕ್ರಮದಲ್ಲಿ ಸರಳೆ, ಜಂಟಿ, ಅಲಂಕಾರಗಳನ್ನು ಮೂರು ಕಾಲಗಳಲ್ಲಿ ತಿಂಗಳುಗಟ್ಟಲೆ ಉಜ್ಜಿದ ಮೇಲೆಯೇ ಗೀತೆ, ವರ್ಣ. ಕೃತಿಗಳು ಆ ಮೇಲೆ. ರಾಗಾಲಾಪನೆ, ಪಲ್ಲವಿಗಳು ಇನ್ನೂ ದೂರ. ಈಗಿನವರು ಇದನ್ನು ಕ್ರೌರ್ಯವೆನ್ನುವರು. ಇಂತಹ ಪದ್ಧತಿಯಲ್ಲಿ ಗುರುವಿನ ಕೋಪಕ್ಕೆ ಗುರಿಯಾಗಿ ವಿದ್ಯೆಯನ್ನೇ ಬಿಟ್ಟು ಹೋದವರೂ ಇದ್ದಾರು. ಅವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಗೆದ್ದವರ ಚರಿತ್ರೆಯನ್ನು ಮಾತ್ರ ಓದಿ ಪದ್ಧತಿಯನ್ನು ಹೊಗಳುವುದು ನ್ಯಾಯವಲ್ಲವೆಂದು ನಮ್ಮ ಎಣಿಕೆ. ಆದರೂ ಗೋದಾಮಿನ ಮಗುವಿಗೆ ತರೀಕೆರೆಯ ಗುರುಗಳು ಕಮಾನು ಮುಟ್ಟುವುದಕ್ಕೆ ಮುಂಚೆ ಸ್ವರವನ್ನು ಬಾಯಿಯಲ್ಲಿ ಹಾಡಿಸುತ್ತಾರೆಂದು ತಿಳಿದು ನಮಗೆ ಸಂತೋಷವಾಯಿತು. ಬೈಗುಳ ಹೋಗಿ ಕೇಳಿಸುವಿಕೆ ಉಳಿದರೆ ಲಾಭವೇ.

ಇನ್ನು ಜಪಾನಿನವರ ಮಾತು. ಅವರು ನಮ್ಮಂತೆ ವಾದ್ಯದ ಒಡಲನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಅದರೊಡನೆ ಅದರ ಭಾಷೆಯನ್ನೂ, ಎಂದರೆ ಯೂರೋಪಿನ ಸಂಗೀತವನ್ನೂ, ತೆಗೆದುಕೊಂಡರು. ಹಿಡೆಯೊ ಸೈತೊ (೧೯೦೨–೧೯೭೪) ಎಂಬವರು ಚೆಲ್ಲೊವನ್ನು ಕಲಿಯಲು ಜರ್ಮನಿಗೆ ಹೋಗಿ ಲೈಪ್ಜಿಗ್ ನಗರದಲ್ಲಿ ಕ್ಲೆಂಗೆಲ್ ಎಂಬ ಆಚಾರ್ಯರಲ್ಲಿಯೂ ಮುಂದೆ ಬರ್ಲಿನ್ನಿನಲ್ಲಿ ಫಾಯರ್ಮನ್ ಎಂಬವರಲ್ಲಿಯೂ ಅಭ್ಯಾಸಮಾಡಿದರು. ಯುದ್ಧವು ಮುಗಿದ ಮೇಲೆ, ೧೯೪೮ರಲ್ಲಿ, ಟೋಕಿಯೊವಿನಲ್ಲಿ ಇತರರೊಡಗೂಡಿ ಮಕ್ಕಳಿಗಾಗಿ ಸಂಗೀತಶಾಲೆಯನ್ನು ತೆರೆದರು. ಅದೇ ಬೆಳೆದು ತೊಹೊ ಎಂಬ ವಿದ್ಯಾಲಯವಾಯಿತು. ಸೈತೊರವರ ಶಿಷ್ಯರಲ್ಲಿ ೧೯೪೨ರಲ್ಲಿ ಹುಟ್ಟಿದ ತ್ಸುಯೊಶಿ ತ್ಸುತ್ಸುಮಿ ಎಂಬವರು ಅಮೆರಿಕಾ ದೇಶದ ಇಂಡಿಯಾನಾದಲ್ಲಿ ಸ್ಟಾರ್ಕರ್ ಎಂಬ ಮಹಾವಾದಕರ ಬಳಿ ಕಲಿತು, ೧೯೬೩ರಲ್ಲಿ ಬುಡಾಪೆಸ್ಟ್ ನಗರದ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನವನ್ನು ಗಳಿಸಿದರು. ಮುಂದೆ ತಾವೇ ಇಂಡಿಯಾನಾದಲ್ಲಿ ಪಾಠ ಹೇಳಿದರು. ತೊಹೊ ವಿದ್ಯಾಲಯದ ಅಧ್ಯಕ್ಷರೂ ಆದರು. ಕಲಿಯಲು ಹೋದೆಡೆಯಲ್ಲಿಯೇ ಕಲಿಸುವ ಪೀಠವನ್ನು ಪಡೆಯುವುದು ಸಾಮಾನ್ಯವೇ?

ನಾಗೋಯಾದ ಪಿಟೀಲು ಕಾರ್ಖಾನೆಯ ಒಡೆಯರ ಮಗ ಶಿನಿಚಿ ಸುಜುಕಿ (೧೮೯೮–೧೯೯೮) ಇನ್ನೊಂದು ಬಗೆಯ ಮನುಷ್ಯ. ಅವರು ಬರ್ಲಿನ್ನಿನಲ್ಲಿ ಕಲಿತು ಬಂದು ಮಾಡಿದ ಆಲೋಚನೆಯು ಬಹು ಸರಳವಾದುದು: ಜಪಾನಿನ ಮಕ್ಕಳೆಲ್ಲ ಜಪಾನೀ ಮಾತನ್ನು ತಪ್ಪಿಲ್ಲದೆ ಆಡುವರಲ್ಲ, ಅದನ್ನು ಅವರಿಗೆ ಕಲಿಸಿದವರಾರು? ತಾಯಿಯ ಮಾತನ್ನು ಸಾವಿರ ಸಲ ಕೇಳಿ ಮಗುವು ಮಾತು ಕಲಿಯುವುದು. ಸಂಗೀತವನ್ನೂ ಹಾಗೆಯೇ ಮೊದಲು ಕೇಳಿಸಬೇಕು, ಓದಿಸುವುದು ಆಮೇಲೆ. ೧೯೪೬ರಿಂದ ಮತ್ಸುಮೊತೊ ಎಂಬ ಊರಿನಲ್ಲಿ ಅವರು ಈ ಬಗೆಯ ಪಾಠಕ್ಕೆ ತೊಡಗಿದರು. ಇಂದು ಲೋಕದ ನಾನಾ ದೇಶಗಳಲ್ಲಿ ಎಳೆಯ ಮಕ್ಕಳು ಅವರ ಕ್ರಮದಂತೆ ಪಿಟೀಲನ್ನೂ ಚೆಲ್ಲೊವನ್ನೂ ಹಿಡಿಯುತ್ತಾರೆ. ಕೃಷ್ಣಪ್ಪನವರ ಮನೆಯಲ್ಲಿ ನಡೆದುದನ್ನು ಸುಜುಕಿಯವರು ಕೇಳಿ ತಿಳಿದಿರಲು ಕಾರಣವಿಲ್ಲ. ಬೇರೆ ದಾರಿಯಿಂದ ನಡೆದು ಅದೇ ಬಾಗಿಲಿಗೆ ಬಂದರು. ಅವರು ಗದರಿಕೆಯನ್ನು ಕಳೆದು ತಾಯಿಯನ್ನು ಪಾಠದ ಕೋಣೆಗೆ ಕರೆತಂದರು. ಈ ಒಂದು ತಿದ್ದುಪಡಿಯನ್ನು ನಾವು ಅವರಿಂದ ಪಡೆದರೆ ಕುಂದಿಲ್ಲ.

ರೈಟರ ಪ್ರಶ್ನೆ ಇನ್ನೂ ಉಳಿದಿದೆ. ಎಂಟು ಆದಮೇಲೆ?

ಎಂಟು ವರ್ಷ ತುಂಬಿದಾಗ ಚೌಡಯ್ಯನವರಿಗೆ ಇಪ್ಪತ್ತಮೂರು. ಮುಂದೆ ಅವರ ಪಾಲಿಗೆ ಬಂದುದು ವೇದಿಕೆಯ ನಡುವಣ ಸ್ಥಳವಲ್ಲ, ಪಕ್ಕದ ಸ್ಥಳ. ಪಕ್ಕವಾದ್ಯದವರ ಕೆಲಸವನ್ನು ಅರಿಯದವರು ಅದನ್ನು ಹಗುರವಾಗಿ ಕಾಣುವರು. ಗಾಯಕರು ಯಾವ ರಾಗವನ್ನು ಎತ್ತಿಕೊಳ್ಳುವರೆಂಬುದು ಎಷ್ಟೋ ವೇಳೆ ಅವರು ಬಾಯಿ ತೆರೆದ ಮೇಲೆಯೇ ತಿಳಿಯುವುದು. ಅವರ ಸಂಚಾರವನ್ನು ಒಂದು ಉಸಿರಿನಷ್ಟು ಹಿಂದೆ ನಿಂತು ನೆರಳಿನಂತೆ ಅನುಸರಿಸಬೇಕು. ಅವರು ನಿಲ್ಲಿಸಿದಾಗ ಅದೇ ರಾಗವನ್ನು ತನ್ನ ಸರದಿಯಲ್ಲಿ ಬೆಳಸಬೇಕು, ಆದರೆ ಅವರಿಗಿಂತ ಹೆಚ್ಚು ಬೆಳಸಬಾರದು. ಕಲ್ಪನಾಸ್ವರಕ್ಕೆ ಕಲ್ಪನಾಸ್ವರದಿಂದ ಉತ್ತರ ಕೊಡಬೇಕು. ಗಾಯಕರ ಕಂಠ ಕಟ್ಟಿದ ದಿನ ಅದು ಸಭೆಗೆ ಕಾಣದಂತೆ ಮುಚ್ಚಬೇಕು. ಗುರುವಿನ ಮನೆಯಲ್ಲಿ ಎಂಟು ವರ್ಷ ನಡೆದ ಶುಶ್ರೂಷೆಯು ಇಲ್ಲಿ ಜನ್ಮಪೂರ್ತಿ ನಡೆಯತಕ್ಕದ್ದು; ದಿನಕ್ಕೊಬ್ಬ ಗಾಯಕರೆಂಬುದಷ್ಟೇ ಭೇದ. ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು, ಚೆಂಬೈ ವೈದ್ಯನಾಥ ಭಾಗವತರು, ಜಿ. ಎನ್. ಬಾಲಸುಬ್ರಹ್ಮಣ್ಯಂ — ಇವರೊಬ್ಬೊಬ್ಬರದೂ ಒಂದೊಂದು ನಡೆ. ಇವರೆಲ್ಲರ ಪಕ್ಕದಲ್ಲಿಯೂ ಚೌಡಯ್ಯನವರು ಕುಳಿತರು. ಚೆಂಬೈಯವರ ಹಾಡು, ಪಾಲಘಾಟ್ ಮಣಿ ಅಯ್ಯರವರ ಮೃದಂಗ, ಚೌಡಯ್ಯನವರ ಪಿಟೀಲು ಎಂಬ ಕೂಟವಂತೂ ದಕ್ಷಿಣ ದೇಶದಲ್ಲೆಲ್ಲ ಮನೆಮಾತಾಗಿದ್ದಿತು. ಪಿಟೀಲಿನಲ್ಲಿ ದ್ವಾರಂ ವೆಂಕಟಸ್ವಾಮಿ ನಾಯಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಚೌಡಯ್ಯ ಎಂಬ ಮೂವರನ್ನು ಆ ಕಾಲದವರು ಒಟ್ಟಿಗೆ ಎಣಿಸುತ್ತಿದ್ದರು.

ಈ ಪಕ್ಕದ ಸ್ಥಳದಲ್ಲಿಯೇ ಅವರಿಗೆ ಒಂದು ಸಂಕಟವು ಕಾಡಿತು. ಆಗ ಧ್ವನಿವರ್ಧಕವಿರಲಿಲ್ಲ. ಉತ್ಸವದ ಚಪ್ಪರಗಳಲ್ಲಿ ಜನರೋ ಸಾವಿರಗಟ್ಟಲೆ. ಎದುರು ಕೃಷ್ಣಪ್ಪನವರಂತಹ ಅಥವಾ ಚೆಂಬೈಯವರಂತಹ ಕಂಚಿನ ಕಂಠ. ಪಿಟೀಲಿನ ನಾಲ್ಕು ತಂತಿಗಳ ಇಂಪು ಮುಂದಿನ ಕೆಲವು ಸಾಲುಗಳನ್ನು ದಾಟಿ ಹೋಗದು. ಕೇಳುವುದಕ್ಕಾಗಿಯೇ ಬಾಳನ್ನು ತೆತ್ತ ಮನುಷ್ಯನು ತನ್ನನ್ನು ಯಾರೂ ಕೇಳಲಾರರೆಂದು ಕಂಡುಕೊಂಡರೆ ಹೇಗಾಗಬೇಡ? ೧೯೨೭ರಲ್ಲಿ ಅವರು ಮೂರು ತಂತಿಗಳಿಗೆ ಒಂದೊಂದು ಜೊತೆತಂತಿಯನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ಸಿದ್ಧಪಡಿಸಿದರು. ನಾದವು ದಪ್ಪವಾಯಿತು, ತುಂಬಿಬಂದಿತು, ಚಪ್ಪರದ ಹಿಂದಿನ ಕಂಬದವರೆಗೂ ಮುಟ್ಟಿತು.

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಒಂದು ಬೆರಳು ಎರಡು ತಂತಿಗಳನ್ನು ಒಂದೇ ಒತ್ತಿನಲ್ಲಿ ಸಮನಾಗಿ ಅದುಮಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎರಡು ಸ್ವರಗಳು ಒಂದನ್ನೊಂದು ಕಚ್ಚಾಡುವುವು. ನಾಲ್ಕು ಬಿರಡೆ ತಿರುಗಿಸಿ ಶ್ರುತಿ ಕೂಡಿಸುವುದೇ ಎಷ್ಟೋ ಜನಕ್ಕೆ ದಣಿವು, ಇಲ್ಲಿ ಏಳು. ನಮ್ಮ ಹೆಬ್ಬೆಯ ಆಷಾಢದ ತೇವದಲ್ಲಿ ಏಳು ತಂತಿಗಳನ್ನು ಒಂದು ಗಳಿಗೆ ಶ್ರುತಿಯಲ್ಲಿ ನಿಲ್ಲಿಸುವುದಕ್ಕೆ ದೇವರೇ ಬರಬೇಕು. ಇಷ್ಟೆಲ್ಲ ತೊಂದರೆಯ ವಾದ್ಯವನ್ನು ಅವರು ಮೂವತ್ತೆರಡರ ಪ್ರಾಯದಲ್ಲಿ, ಒಮ್ಮೆ ಕಲಿತು ಮುಗಿಸಿದ ಮೇಲೆ, ಕೈಗೆ ತೆಗೆದುಕೊಂಡರೆಂಬುದನ್ನು ರೈಟರಿಗೆ ನಾವು ಒತ್ತಿ ಹೇಳಿದೆವು. ಎಂಟು ಆದಮೇಲೆ ಒಂಬತ್ತನೆಯದು, ಹತ್ತನೆಯದು. ಆ ವಿದ್ಯೆಯಲ್ಲಿ ಮುಗಿಯಿತೆಂದು ಚೀಟಿ ಬರೆದು ಕೊಡುವ ಕಚೇರಿಯೇ ಇಲ್ಲ. ರೈಟರು ಇದನ್ನು ಕೇಳಿ ಸಂತೋಷಪಟ್ಟರೆಂದು ನಾವು ಹೇಳಲಾರೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಹತ್ತನೇ ಕ್ಲಾಸು ಮುಗಿಯೋವರೆಗೂ ಬಸ್ಸಿನ ದುಡ್ಡು ಕೊಡ್ತೀನಿ, ಆಮೇಲೆ ನೋಡೋಣ” ಎಂದರು. ಮಗುವು ಇಷ್ಟಕ್ಕೇ ಹಿಗ್ಗಿದಳು.

ಚೌಡಯ್ಯನವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. ತಾವು ಹುಟ್ಟಿದ ಸಂಗಮದ ಹೆಸರಿನಿಂದ ‘ತ್ರಿಮಕುಟ’ ಎಂಬ ಅಂಕಿತವನ್ನಿಟ್ಟು ಕೃತಿಗಳನ್ನು ರಚಿಸಿದರು. ೧೯೪೩ರಲ್ಲಿ ‘ವಾಣಿ’ ಎಂಬ ಚಲಚ್ಚಿತ್ರದ ಸಾಹಸಕ್ಕೂ ಕೈಹಾಕಿದರು. ಪಿಟೀಲು ಹಿಡಿದವರಿಗೆ ಅದೇಕೆ ಬೇಕಾಗಿದ್ದಿತೋ ನಾವು ಕಾಣೆವು. ಶಿಷ್ಯರನ್ನು ತಯಾರುಮಾಡಿದರು, ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿಯವರು ಅವರಲ್ಲೊಬ್ಬರು. ಮದರಾಸಿನ ಸಂಗೀತ ಅಕಾಡೆಮಿಯು ವರ್ಷಕ್ಕೊಬ್ಬರಿಗೆ ಕೊಡುವ ಸಂಗೀತ ಕಲಾನಿಧಿ ಬಿರುದು ದ್ವಾರಂರವರಿಗೆ ೧೯೪೧ರಲ್ಲಿ, ರಾಜಮಾಣಿಕ್ಯಂ ಪಿಳ್ಳೆಯವರಿಗೆ ೧೯೪೮ರಲ್ಲಿ, ಚೌಡಯ್ಯನವರಿಗೆ ೧೯೫೭ರಲ್ಲಿ ಬಂದಿತು. ಗುರುವಿನ ಮನೆಯ ಹೊಸ್ತಿಲನ್ನು ದಾಟಿದ ನಲವತ್ತೇಳು ವರ್ಷಕ್ಕೆ, ಪಕ್ಕದಲ್ಲಿ ಕುಳಿತೇ ಬಂದವರು ಅಧ್ಯಕ್ಷರ ಪೀಠದಲ್ಲಿ ಕುಳಿತರು. ೧೯೬೭ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ನಾವಾಗ ತೊಟ್ಟಿಲಿಳಿದ ಕೂಸು, ಅವರನ್ನು ಕಂಡವರಲ್ಲ. ಭದ್ರಾವತಿಯ ಆಕಾಶವಾಣಿಯಿಂದ, ಮಳೆಯ ಗರಗರ ಸದ್ದಿನ ನಡುವೆ, ಹಳೆಯ ಧ್ವನಿಮುದ್ರಣದಲ್ಲಿ ಆ ತುಂಬಿದ ನಾದವನ್ನು ಕೇಳಿದವರು ಮಾತ್ರ. ಒಂದೇ ಪಿಟೀಲೋ ಎರಡೋ ಎಂದು ನಮ್ಮ ತಂದೆಯವರನ್ನು ಕೇಳಿದ ನೆನಪಿದೆ.

ಧ್ವನಿವರ್ಧಕವು ಹಳ್ಳಿಯ ಗುಡಿಗೂ ಬಂದ ಮೇಲೆ ಏಳು ತಂತಿಗಳ ಅಗತ್ಯವು ತಪ್ಪಿತು. ಇಂದಿನ ಪಿಟೀಲುಗಾರರಲ್ಲಿ ಹೆಚ್ಚಿನವರು ನಾಲ್ಕು ತಂತಿಯನ್ನೇ ಹಿಡಿದಿರುವರು. ಬೆಂಗಳೂರಿನಲ್ಲಿ ಕೆ. ಕೆ. ಮೂರ್ತಿಯವರ ಮುಂದಾಳುತನದಿಂದ ೧೯೮೦ರಲ್ಲಿ ಚೌಡಯ್ಯನವರ ಹೆಸರಿನ ಸ್ಮಾರಕ ಭವನವೆದ್ದಿತು. ಆ ಕಟ್ಟಡವನ್ನೇ ಅವರ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಒಡಲು, ಕುದುರೆ, ಬಿರಡೆ, ಕಮಾನು, ತಂತಿಗಳು ಎಲ್ಲವೂ ಇವೆ. ಪಿಟೀಲು ಕಚೇರಿಗೆಂದು ಅದರ ಒಡಲೊಳಗೆ ಬರುವ ವಿದ್ವಾಂಸರು ನಾಲ್ಕು ತಂತಿಗಳನ್ನು ಶ್ರುತಿಮಾಡಿಕೊಂಡು, ಮೈಕಿನ ಮುಂದೆ ಕುಳಿತು ನುಡಿಸುತ್ತಾರೆ.